ಪುಂತಾ ಅರೇನಾಸ್‌ವರೆಗಿನ ದಾರಿಯ ಅಳತೆ

ರೋನ್ನೆನ್ ಎಂಬ ಮನೆಯಲ್ಲಿ ಯಾರೂ ಯಾರಿಗೂ 'ಆಗೋದಿಲ್ಲ' ಎಂದು ಹೇಳಿದ್ದಿಲ್ಲ. ನಲವತ್ತು ಜನ ಒಂದೇ ಸೂರಿನಡಿ ಬೇರೆ ಬೇರೆ ಕೋಣೆಗಳಲ್ಲಿ ಇದ್ದು, ಸರದಿಯಂತೆ ಒಂದೇ ಅಡಿಗೆಮನೆಯಲ್ಲಿ ಬೇಯಿಸಿ, ಒಟ್ಟಿಗೆ ಕೂತು ಉಣ್ಣುವ ಮನೆ ಅದು; ಸ್ವೀಡನ್ನಿನ ಉಪ್ಸಾಲದಲ್ಲಿ ಅಂಥವು ಇನ್ನೂ ಕೆಲವಿವೆ. ಅಲ್ಲಿ ಒಬ್ಬರ ಬೇಡಿಕೆ ಇನ್ನೊಬ್ಬರಿಗೆ ಹಿಡಿಸದಿದ್ದರೆ ಅವರು ಕಾಫಿ ಬಗ್ಗಿಸಿಕೊಂಡು, ಬೆಣ್ಣೆಯಂಥ ದನಿಯಲ್ಲಿ, "ಇದಕ್ಕೊಂದು ಗುಂಪು ಮಾಡಿ ನೋಡೋಣ" ಎನ್ನುತ್ತಾರೆ. ಗುಂಪು ಆಯಿತೆಂದರೆ ಬೇಡಿಕೆಯ ಕಥೆ ಮುಗಿಯಿತು. ಹಿಲ್ಲೆವಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವಳು ಈ ನಾಡಿನ ಮಗಳು, ಇಂಥ ಎಷ್ಟೋ ಗುಂಪುಗಳಲ್ಲಿ ತಾನೇ ಕೂತು ಎಷ್ಟೋ ಬೇಡಿಕೆಗಳ ಕತ್ತು ನಯವಾಗಿ ಹಿಸುಕಿದವಳು. ಆದರೆ ಆ ನಯವಾದ ಕೈ ತನ್ನ ಗಂಡನ ಕಡೆ ಚಾಚಿದಾಗ ಮಾತ್ರ ಅದು ಎಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ತಿಳಿಯಿತು.

ಗಂಡ ಲೌತಾರೊ ಚಿಲಿಯವನು. ಆ ದೇಶದಲ್ಲಿ ಸೈನ್ಯ ಬೀದಿಗಿಳಿದು ಎಳೆಯರನ್ನು ಎಳೆದೊಯ್ಯುತ್ತಿದ್ದ ಕಾಲದಲ್ಲಿ ಜೀವ ಉಳಿಸಿಕೊಂಡು ಸ್ವೀಡನ್ನಿಗೆ ಬಂದವನು. ಅವನ ಊರು ಪುಂತಾ ಅರೇನಾಸ್, ಭೂಮಿಯ ತೆಂಕಣ ತುದಿ. ಅದರಾಚೆ ಜಲಸಂಧಿ, ಗಾಳಿ, ಮತ್ತೆ ಮಂಜುಗಡ್ಡೆ. ಅಲ್ಲಿ ಅವನ ಅಣ್ಣ ಅಬೆಲಾರ್ದೊ ಇದ್ದ. ಅಪ್ಪ ಕಡಲಲ್ಲಿ ಕಾಣೆಯಾದ ಮೇಲೆ ಉಣ್ಣೆಯ ಗೋದಾಮಿನಲ್ಲಿ ಮೂಟೆ ಹೊತ್ತು ತಮ್ಮನನ್ನು ಸಾಕಿದವನು, ಓದಿಸಿದವನು, ಕಡೆಗೆ ರಾತ್ರೋರಾತ್ರಿ ಊರು ದಾಟಿಸಿದವನೂ ಅವನೇ. ಆ ಉಣ್ಣೆಯ ಧೂಳು ಅವನ ಎದೆಯಲ್ಲಿ ಕೂತು, ಈಗ ಎಂಬತ್ತರ ಹತ್ತಿರ ಅವನ ಉಸಿರನ್ನು ತಿನ್ನುತ್ತಿತ್ತು.

ನವೆಂಬರಿನ ಮೊದಲಲ್ಲಿ ಅಣ್ಣನ ಮಗಳು ಯಾಸ್ನಾ ಫೋನ್ ಮಾಡಿದಳು.

"ಚಿಕ್ಕಪ್ಪ, ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದ್ರು. ಅಂದ್ರೆ ಏನು ಅಂತ ನಿಂಗೆ ಗೊತ್ತಲ್ಲ. ಅಪ್ಪ ದಿನಾ ನಿನ್ನನ್ನೇ ಕೇಳ್ತಾನೆ. ಗಾಳಿಗೆ ಬಾಗಿಲು ಬಡಿದ್ರೆ ಸಾಕು, 'ಹೋಗ್ ನೋಡೇ, ಲೌತಾರೊ ಬಂದ' ಅಂತಾನೆ. ಬಂದ್ಬಿಡು ಚಿಕ್ಕಪ್ಪ."

"ಬರ್ತೀನಿ ಮಗಳೇ. ಬಂದೇ ಬರ್ತೀನಿ ಅಂತ ಹೇಳು."

ಹಿಲ್ಲೆವಿ ಆಗಲೇ ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದಳು. "ನಾಳೇನೇ ಹೊರಡು," ಎಂದಳು.

"ಭಾನುವಾರ ಸಭೆ ಇದೆಯಲ್ಲ," ಎಂದ ಲೌತಾರೊ. "ಒಂದು ಮಾತು ಕೇಳಿ ಹೋಗ್ತೀನಿ."

ಕೇಳಬೇಕಾಗಿದ್ದದ್ದು ಏಕೆಂದರೆ, ಕೆಲವು ವರ್ಷಗಳ ಹಿಂದೆ ಇಡೀ ಮನೆ ಒಂದು ಕಟ್ಟಳೆ ಮಾಡಿಕೊಂಡಿತ್ತು. ಎಣ್ಣೆ ಉರಿದು ಭೂಮಿ ಬಿಸಿಯಾಗುತ್ತಿದೆ, ವಿಮಾನ ಹತ್ತುವುದು ನಾಚಿಕೆಗೇಡು ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲ. ಇಡೀ ಮನೆಗೆ ವರ್ಷಕ್ಕೆ ಇಷ್ಟೇ ವಿಮಾನದ ಕಿಲೋಮೀಟರು, ಅದು ಎಲ್ಲರಿಗೂ ಸೇರಿದ್ದು, ಯಾರು ಎಲ್ಲಿಗೆ ಹಾರಿದರೂ 'ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ' ಅದರಲ್ಲಿ ಕಳೆಯಬೇಕು ಎಂದು ಎಲ್ಲರೂ ಕೈ ಎತ್ತಿದ್ದರು. ಲೌತಾರೊನೂ ಎತ್ತಿದ್ದ. ಈ ವರ್ಷದ ಗಂಟಿನಿಂದ ಅದೇ ಮನೆಯ ರಾಗ್ನಾರ್ ಹೆಂಡತಿಯ ಜೊತೆ ಬಾರ್ಸಿಲೋನಕ್ಕೆ ಮೊಮ್ಮಗನನ್ನು ನೋಡಿಬಂದಿದ್ದ. ಸೀವ್ ಮನೆಮಂದಿಯೆಲ್ಲ ಕ್ರೀಟ್ ದ್ವೀಪದಲ್ಲಿ ಬಿಸಿಲು ಕಾಯಿಸಿಕೊಂಡು ಬಂದಿದ್ದರು. ಇನ್ನೂ ಹಲವರು ಹಲವು ಕಡೆ. ಉಳಿದದ್ದು ಮೂವತ್ತು ಸಾವಿರ ಕಿಲೋಮೀಟರು. ಲೌತಾರೊ ಅಷ್ಟೂ ವರ್ಷಗಳಲ್ಲಿ ಒಂದು ಕಿಲೋಮೀಟರನ್ನೂ ಮುಟ್ಟಿರಲಿಲ್ಲ.

ಭಾನುವಾರ ಎಲ್ಲರೂ ಸಾಕ್ಸಿನ ಕಾಲಲ್ಲಿ ಹಜಾರಕ್ಕೆ ಬಂದು ಕೂತರು. ದಾಲ್ಚಿನ್ನಿ ಬನ್ನು, ಕಾಫಿ. ಆ ಮನೆಯ ಸಭೆಯ ಪದ್ಧತಿ ಸುತ್ತು: ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ಮಾತಾಡಬೇಕು, ನಡುವೆ ಯಾರೂ ಬಾಯಿ ಹಾಕಕೂಡದು. ಮನೆ ಕಟ್ಟಿದ ದಿನದಿಂದ ಯಾರೂ ಹಾಕಿರಲಿಲ್ಲ.

ಲೌತಾರೊ ಚಿಕ್ಕದಾಗಿ ವಿಷಯ ಹೇಳಿ ಕೂತ. ಆಮೇಲೆ ಅಧ್ಯಕ್ಷ ರಾಗ್ನಾರ್ ಕನ್ನಡಕ ಏರಿಸಿಕೊಂಡ. ಅವನು ಸರ್ಕಾರದ ಮೋಜಣಿದಾರನಾಗಿ ಇಡೀ ಆಯುಸ್ಸು ಜಮೀನು ಅಳೆದು ನಿವೃತ್ತನಾದವನು. ಅಳತೆ ಎಂದರೆ ಅವನ ಮುಖಕ್ಕೆ ಕಳೆ ಬರುತ್ತಿತ್ತು.

"ನಾನು ನಿನ್ನೇನೇ ಲೆಕ್ಕ ಹಾಕ್ದೆ ಲೌತಾರೊ. ಸ್ಟಾಕ್‌ಹೋಮಿನ ಅರ್ಲಾಂಡಾ ನಿಲ್ದಾಣದಿಂದ ನಿಮ್ಮೂರಿಗೆ ಭೂಮಿ ಮೇಲೆ ನೇರ ಗೆರೆ ಎಳೆದ್ರೆ ಹದಿನಾಲ್ಕು ಸಾವಿರದ ಎಂಟುನೂರು. ಹೋಗಿ ಬರೋಕೆ ಇಪ್ಪತ್ತೊಂಬತ್ತು ಸಾವಿರದ ಆರುನೂರು. ನಮ್ಮ ಹತ್ರ ಮೂವತ್ತಿದೆ. ಆಗುತ್ತೆ."

ಹಿಲ್ಲೆವಿಯ ಎದೆ ಹಗುರಾಯಿತು. ಅಷ್ಟರಲ್ಲಿ ಸರದಿ ಸೀವ್‌ಗೆ ಬಂತು. ಸೀವ್ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು, ಒಳ್ಳೆಯ ಹೆಂಗಸು, ಯಾರ ಮನೆಯಲ್ಲಿ ಜ್ವರ ಬಂದರೂ ಸೂಪು ಹಿಡಿದು ಹೋಗುವವಳು.

"ಲೌತಾರೊ, ನಿನ್ನ ಸಂಕಟ ನಂಗರ್ಥ ಆಗುತ್ತೆ. ಆದ್ರೆ ವಿಮಾನ ಆ ನೇರ ಗೆರೆ ಮೇಲೆ ಹೋಗಲ್ವಲ್ಲ. ಮೊದ್ಲು ಮಡ್ರಿಡ್, ಅಲ್ಲಿಂದ ಸಾಂತಿಯಾಗೊ, ಅಲ್ಲಿಂದ ನಿಮ್ಮೂರು. ಕೂಡಿಸಿದ್ರೆ ಹದಿನೈದೂವರೆ ಸಾವಿರ. ಹೋಗಿ ಬರೋಕೆ ಮೂವತ್ತೊಂದು. ಒಂದು ಸಾವಿರ ಹೆಚ್ಚಾಯ್ತು. ಇದು ನಿನ್ನ ವಿಷಯ ಅಲ್ಲ ನೋಡು, ತತ್ವದ ವಿಷಯ. ಇವತ್ತು ಹೇಗೆ ಅಳೀತೀವೋ ಮುಂದೆ ಎಲ್ಲರಿಗೂ ಹಾಗೇ ಅಳೀಬೇಕಾಗುತ್ತೆ. ಒಂದ್ ಮಾತು, ಜನವರಿಲಿ ಹೊಸ ಗಂಟು ಶುರುವಾಗುತ್ತಲ್ಲ, ಅಲ್ಲೀತನಕ ತಡ್ಕೊಳೋಕೆ ಆಗುತ್ತಾ?"

"ತಡ್ಕೋಬೇಕಾದೋನು ನಾನಲ್ಲ ಸೀವ್," ಎಂದ ಲೌತಾರೊ. "ನಮ್ಮಣ್ಣ."

ಸರದಿ ತಪ್ಪಿ ಮಾತಾಡಿದ್ದಕ್ಕೆ ತಾನೇ ಕ್ಷಮೆ ಕೇಳಿ ತಲೆ ತಗ್ಗಿಸಿದ.

ಸುತ್ತು ಮುಂದುವರಿಯಿತು. ಹಜಾರದ ದೊಡ್ಡ ಪರದೆಯಲ್ಲಿ ಅಣ್ಣನ ಮುಖ ನೋಡಿ ಮಾತಾಡಬಹುದಲ್ಲ, ನಾವೆಲ್ಲ ಬಂದು ಕೂರುತ್ತೇವೆ ಎಂದ ಒಬ್ಬ. ಸರಕು ಹಡಗಿನಲ್ಲಿ ಚಿಲಿಗೆ ಹೋಗಿಬಂದ ಗೆಳತಿಯೊಬ್ಬಳ ವಿಷಯ ಹೇಳಿದಳು ಇನ್ನೊಬ್ಬಳು. ಬಹಳ ನೆಮ್ಮದಿಯ ಪ್ರಯಾಣವಂತೆ, ಓದಲು ಬೇಕಾದಷ್ಟು ಸಮಯ ಸಿಗುತ್ತದಂತೆ. ಇಬ್ಬರೂ ಪ್ರೀತಿಯಿಂದಲೇ ಹೇಳಿದರು, ಅದೇ ಹಿಲ್ಲೆವಿಯ ಮೈ ಉರಿಸಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸಾಯುತ್ತಿರುವ ಮನುಷ್ಯನ ತಮ್ಮನಿಗೆ ಹಡಗಿನಲ್ಲಿ ಪುಸ್ತಕ ಓದುತ್ತಾ ಹೋಗು ಎನ್ನುವವಳಿಗೆ ಏನು ಹೇಳುವುದು? ಈ ಒಳ್ಳೆಯವರ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದು ಅವಳು ಹಲ್ಲು ಕಚ್ಚಿ ಕೂತಳು.

ಅವಳ ಸರದಿಯೂ ಬಂತು. ನಾಲಿಗೆಯ ತುದಿಯಲ್ಲಿ ಕೆಂಡವಿತ್ತು. ಎಲ್ಲರ ಮುಖವೂ ಅವಳತ್ತ, ಎಲ್ಲರ ಕಣ್ಣಲ್ಲೂ ಮರುಕ. ಹುಟ್ಟಿದಾಗಿನಿಂದ ದನಿ ಏರಿಸದೆ ಬದುಕಿದ ಬಾಯಿ ಅದು, ತಾನಾಗಿಯೇ ತನ್ನ ಹಳೇ ದಾರಿ ಹಿಡಿಯಿತು.

"ಇದಕ್ಕೊಂದು ಗುಂಪು ಮಾಡಿ ನೋಡೋದೇ ಸರಿ ಅನ್ಸುತ್ತೆ," ಎಂದಳು ಹಿಲ್ಲೆವಿ. "ಸ್ವಲ್ಪ ಬೇಗ ಮುಗಿಸಿದ್ರೆ ಒಳ್ಳೇದು."

ದೂರವನ್ನು ನೇರ ಗೆರೆಯಲ್ಲಿ ಅಳೆಯಬೇಕೋ ವಿಮಾನ ಇಳಿದು ಹತ್ತುವ ದಾರಿಯಲ್ಲಿ ಅಳೆಯಬೇಕೋ ಎಂದು ವರದಿ ಕೊಡಲು ರಾಗ್ನಾರ್ ಮತ್ತು ಸೀವ್ ಇಬ್ಬರ ಗುಂಪು ಆಯಿತು. ಮುಂದಿನ ಸಭೆ ಡಿಸೆಂಬರಿನಲ್ಲಿ. ರಾಗ್ನಾರ್ ಮರದ ಸುತ್ತಿಗೆಯಿಂದ ಮೇಜು ಕುಟ್ಟಿ ಮುಂದಿನ ವಿಷಯ ಎತ್ತಿಕೊಂಡ: ಸೈಕಲ್ ಕೊಟ್ಟಿಗೆಯ ಬೀಗ.

ಕೋಣೆಗೆ ಬಂದ ಮೇಲೆ ಹಿಲ್ಲೆವಿ ಪಾತ್ರೆಗಳನ್ನು ಕುಕ್ಕತೊಡಗಿದಳು. ಗಂಡ ಕಿಟಕಿಯ ಬಳಿ ಕೂತು ಸುಮ್ಮನೆ ನೋಡುತ್ತಿದ್ದ.

"ನೀನ್ಯಾಕೆ ಹೀಗೆ ಕೈ ಕಟ್ಕೊಂಡು ಕೂತಿದೀಯ? ಟಿಕೆಟ್ ತಗೊ, ಹೋಗು. ಯಾವ ಪೊಲೀಸು ಬಂದು ಹಿಡೀತಾನೆ? ಅದೊಂದು ಕಾಗದದ ಕಟ್ಟಳೆ."

"ಅದಕ್ಕೆ ನಾನೂ ಕೈ ಎತ್ತಿದೀನಿ."

"ಎತ್ತಿದ ಕೈನ ಇಳಿಸು."

ಲೌತಾರೊ ನಕ್ಕ. ಆಮೇಲೆ ನಗು ಆರಿತು. "ಈ ದೇಶಕ್ಕೆ ಬಂದಾಗಿಂದ ಒಂದು ಸಲಾನೂ ಟಿಕೆಟ್ ಇಲ್ದೆ ಬಸ್ ಹತ್ತಿಲ್ಲ ನಾನು. ಬಟ್ಟೆ ಒಗೆಯೋ ಕೋಣೇಲಿ ನನ್ನ ಹೊತ್ತು ಮುಗಿದ್ಮೇಲೆ ಒಂದು ನಿಮಿಷ ನಿಂತಿಲ್ಲ. ಯಾಕೆ ಗೊತ್ತಾ? 'ನೋಡಿ, ಹೊರಗಿನೋನು ತನ್ನ ಪಾಲಿಗಿಂತ ಹೆಚ್ಚಿಗೆ ತಗೊಂಡ' ಅನ್ನೋ ಮಾತು ಯಾರ ಬಾಯಲ್ಲೂ ಬರಬಾರ್ದು ಅಂತ. ನೀನು ತಪ್ಪು ಮಾಡಿದ್ರೆ ಹಿಲ್ಲೆವಿ ತಪ್ಪು ಮಾಡಿದ್ಲು ಅಂತಾರೆ. ನಾನು ಮಾಡಿದ್ರೆ ಅವ್ರೆಲ್ಲ ಅಂಥೋರೇ ಅಂತಾರೆ."

"ಇಲ್ಲಿ ಯಾರೂ ಹಂಗನ್ನಲ್ಲ."

"ಅನ್ನಲ್ಲ," ಎಂದ ಲೌತಾರೊ. "ಅಂದ್ಕೋತಾರೆ."

ಹಿಲ್ಲೆವಿ ಪಾತ್ರೆ ಕೆಳಗಿಟ್ಟಳು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನು ಈ ಭಾರ ಹೊತ್ತು ಮಲಗುತ್ತಿದ್ದ ಎಂದು ಅವಳಿಗೆ ಗೊತ್ತಿರಲಿಲ್ಲ. ಅವನನ್ನು ಇಷ್ಟು ಅಂಜುಬುರುಕನನ್ನಾಗಿ ಮಾಡಿದವರ ಮೇಲೆ ಸಿಟ್ಟು ಬಂತು, ಆದರೆ ಬೆರಳು ಮಾಡಿ ತೋರಿಸಲು ಒಬ್ಬರೂ ಇರಲಿಲ್ಲ. ಎಲ್ಲರೂ ಒಳ್ಳೆಯವರೇ.

ಗುಂಪು ಕೆಲಸ ಶುರು ಮಾಡಿತು. ಅಬೆಲಾರ್ದೊನ ಉಸಿರು ಅಲ್ಲಿ ದಿನದಿನಕ್ಕೆ ಗಿಡ್ಡವಾಗುತ್ತಿತ್ತು, ಇಲ್ಲಿ ಇವರು ಭೂಮಿಯ ಹೊಟ್ಟೆ ಅಳೆಯುತ್ತಿದ್ದರು. ಭೂಮಿ ಪೂರ್ತಿ ಗುಂಡಗಿಲ್ಲ, ನಡುವಿನಲ್ಲಿ ಉಬ್ಬಿದೆ, ಹಾಗಾಗಿ ತನ್ನ ಮೊದಲ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆಗಿರಬಹುದು ಎಂದು ರಾಗ್ನಾರ್‌ಗೆ ಹೊಳೆಯಿತು. ಆ ಹೆಚ್ಚುಕಡಿಮೆಯಿಂದ ಏನೂ ಬದಲಾಗುವುದಿಲ್ಲ, ಹೇಗೆ ಅಳೆದರೂ ನೇರ ಗೆರೆ ಮೂವತ್ತರೊಳಗೇ ನಿಲ್ಲುತ್ತದೆ ಎಂದು ಅವನೇ ಒಪ್ಪಿದ. ಆದರೂ ವರದಿ ಎಂದ ಮೇಲೆ ಕರಾರುವಾಕ್ಕಾಗಿರಬೇಕಲ್ಲ. ಸೀವ್ ತನ್ನ ಪಾಲಿಗೆ ವಿಶ್ವವಿದ್ಯಾಲಯದ ಯಾರಿಗೋ ಬರೆದು, ವಿಮಾನ ಎರಡು ಸಲ ಹೆಚ್ಚಿಗೆ ಇಳಿದು ಏರಿದರೆ ಎಷ್ಟು ಎಣ್ಣೆ ಉರಿಯುತ್ತದೆ ಎಂದು ಕೇಳಿದಳು. ಉತ್ತರಕ್ಕೆ ಕಾಯತೊಡಗಿದಳು.

ಒಂದು ಗುರುವಾರ, ಬಟಾಣಿ ಸೂಪು ಮತ್ತು ಪ್ಯಾನ್‌ಕೇಕಿನ ಊಟವಾದ ಮೇಲೆ, ರಾಗ್ನಾರ್ ಹಜಾರಕ್ಕೆ ದೊಡ್ಡ ಭೂಗೋಳ ತಂದಿಟ್ಟ. ಕೈಯಲ್ಲಿ ಕೆಂಪು ನೂಲು.

"ಲೌತಾರೊ, ಬಾ ಇಲ್ಲಿ. ನಿಮ್ಮೂರಿನ ಮೇಲೆ ಬೆರಳಿಟ್ಟು ನೂಲು ಹಿಡ್ಕೊ."

ಲೌತಾರೊ ಹೋಗಿ ಹಿಡಿದುಕೊಂಡ. ರಾಗ್ನಾರ್ ಇನ್ನೊಂದು ತುದಿಯನ್ನು ಸ್ಟಾಕ್‌ಹೋಮಿನ ಮೇಲೊತ್ತಿ ಬಿಗಿ ಮಾಡಿದ. ನೂಲು ಸ್ಪೇನಿನ ಮೂಲೆ ಸವರಿ, ಸಾಗರ ದಾಟಿ, ಬ್ರೆಜಿಲಿನ ಹೆಗಲಿನಿಂದ ಒಳಹೊಕ್ಕು ಕೆಳಗಿಳಿಯಿತು.

"ನೋಡು, ಎಷ್ಟು ಚೆಂದ. ಇದಕ್ಕಿಂತ ಹತ್ತಿರದ ದಾರಿ ಈ ಭೂಮಿ ಮೇಲೇ ಇಲ್ಲ," ಎಂದ ರಾಗ್ನಾರ್, ಮಗುವಿನ ಹಾಗೆ ಹಿಗ್ಗುತ್ತ. ಸುತ್ತ ನಿಂತವರು ತಲೆದೂಗಿದರು.

ಲೌತಾರೊ ನೂಲನ್ನು ನೋಡುತ್ತಿರಲಿಲ್ಲ, ಬೆರಳಿನಡಿ ಮುಚ್ಚಿಹೋದ ಊರನ್ನು ನೋಡುತ್ತಿದ್ದ. ಹಿಲ್ಲೆವಿಗೆ ಆ ಗೋಳವನ್ನು ಎತ್ತಿ ಕಿಟಕಿಯಾಚೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಎಲ್ಲರ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಳು.

ಸುದ್ದಿ ಬಂದದ್ದು ಬೆಳಿಗ್ಗೆ. ಆ ದಿನ ಅಡಿಗೆಯ ಸರದಿ ಲೌತಾರೊನದು, ದೊಡ್ಡ ಅಡಿಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ಫೋನ್ ಹಿಡಿದು ಕೇಳಿಸಿಕೊಂಡ. "ಯಾವಾಗ ಮಣ್ಣು?" ಎಂದ. "ನಾಳೇನಾ? ಸರಿ ಮಗಳೇ. ಸರಿ. ನೀನೇನೂ ತಪ್ಪು ಮಾಡಿಲ್ಲ." ಫೋನ್ ಜೇಬಿಗಿಟ್ಟು ಕೈ ತೊಳೆದುಕೊಂಡು ಮತ್ತೆ ಚಾಕು ತೆಗೆದುಕೊಂಡ. ಹಿಲ್ಲೆವಿ ಅವನ ಕೈ ಹಿಡಿದಳು.

"ಬಿಡು," ಎಂದ. "ನಲವತ್ತು ಜನ ಉಣ್ಬೇಕು."

"ಉಪವಾಸ ಬೀಳ್ಲಿ," ಎಂದಳು ಹಿಲ್ಲೆವಿ. "ಏನ್ ಹೇಳಿದ್ಲು ಯಾಸ್ನಾ?"

"ಕೊನೇ ಎರಡು ದಿನ ಬಾಗಿಲ ಕಡೆ ನೋಡ್ಲಿಲ್ವಂತೆ. ಗೋಡೆ ಕಡೆ ತಿರುಗಿ ಮಲಗಿದ್ನಂತೆ."

ಅಷ್ಟು ಹೇಳಿ ಲೌತಾರೊ ಎಲ್ಲ ಆಲೂಗಡ್ಡೆಯನ್ನೂ ಸುಲಿದ, ಬೇಯಿಸಿದ, ಬಡಿಸಿದ. ಯಾರಿಗೂ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡ. ವಿಷಯ ಸಭೆಯ ಮುಂದಿದೆ, ಸಭೆಯಲ್ಲೇ ಹೇಳುತ್ತೇನೆ ಎಂದ. ಸ್ವೀಡನ್ನಿನವರು ಎಷ್ಟೋ ಜನ ಇಷ್ಟು ಸ್ವೀಡನ್ನಿನವರಾಗಿರುವುದಿಲ್ಲ.

ಡಿಸೆಂಬರಿನ ಸಭೆಗೆ ಸೀವ್ ಕೇಸರಿ ಹಾಕಿದ ಬನ್ನು ಬೇಯಿಸಿ ತಂದಿದ್ದಳು. ಕಿಟಕಿಗಳಲ್ಲಿ ಹಬ್ಬದ ದೀಪ ಹಚ್ಚಿತ್ತು. ಎಲ್ಲರ ಮುಖದಲ್ಲೂ ಒಂದು ಸಂತೋಷದ ಗುಟ್ಟು ಕುಣಿಯುತ್ತಿತ್ತು, ಏಕೆಂದರೆ ವರದಿಯಲ್ಲಿ ಏನಿದೆ ಎಂದು ಆಗಲೇ ಎಲ್ಲರಿಗೂ ತಿಳಿದಿತ್ತು. ರಾಗ್ನಾರ್ ಎದ್ದು ನಿಂತು ಓದಿದ. ನೇರ ಗೆರೆ, ಮುರಿದ ದಾರಿ, ಭೂಮಿಯ ಉಬ್ಬು, ಉರಿಯುವ ಎಣ್ಣೆ. ಕೊನೆಯಲ್ಲಿ ದನಿಯನ್ನು ಸ್ವಲ್ಪ ಏರಿಸಿದ.

"ಕಟ್ಟಳೇಲಿ ಬರೆದಿರೋದು ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಅಂತ. ಎರಡೇ. ನಡುವೆ ಎಲ್ಲಿ ಇಳೀತೀವಿ ಅನ್ನೋದು ಅದರಲ್ಲಿಲ್ಲ. ಆದ್ದರಿಂದ ನೇರ ಗೆರೆ. ಸೀವ್ ಕೂಡ ಒಪ್ಪಿದಾಳೆ. ಲೌತಾರೊ, ನೀನು ಹೋಗ್ಬಹುದು."

ಎಲ್ಲರೂ ಕೈ ಎತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೀವ್ ಕಣ್ಣೊರೆಸಿಕೊಂಡಳು. ಲೌತಾರೊ ಎದ್ದ.

"ತುಂಬಾ ಥ್ಯಾಂಕ್ಸ್. ನೀವಿಬ್ರೂ ಇಷ್ಟು ಶ್ರಮ ತಗೊಂಡಿದೀರಿ," ಎಂದ. "ನಮ್ಮಣ್ಣ ಹೋದ ವಾರ ತೀರ್ಕೊಂಡ. ಮಣ್ಣೂ ಆಯ್ತು. ಅರ್ಜಿ ವಾಪಸ್ ತಗೋತೀನಿ."

ಕೂತುಬಿಟ್ಟ. ರಾಗ್ನಾರ್‌ನ ಕೈಯಲ್ಲಿ ವರದಿಯ ಹಾಳೆ ಹಾಗೇ ಇತ್ತು. ಅವನು ಕಲ್ಲೆದೆಯವನಲ್ಲ, ಅಂಥ ಹೊತ್ತಿನಲ್ಲಿ ಕೇಳಬಹುದಾದ ಬೇರೆ ಯಾವ ಮಾತೂ ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

"ಹಾಗಾದ್ರೆ... ನಡಾವಳಿಯಲ್ಲಿ ಏನಂತ ಬರೀಲಿ?" ಎಂದ.

ಹಿಲ್ಲೆವಿ ಎದ್ದಳು. ಸರದಿ ಅವಳದಾಗಿರಲಿಲ್ಲ. ಯಾರೋ ಅಭ್ಯಾಸಬಲದಿಂದ ಬೆರಳೆತ್ತಿ ತಡೆಯಲು ನೋಡಿದರು.

"ಬೆರಳು ಇಳಿಸು," ಎಂದಳು ಅವಳು, ಆ ಕಡೆ ನೋಡದೆ. "ನಾನು ಹೇಳ್ತೀನಿ, ಬರ್ಕೊ ರಾಗ್ನಾರ್. ನಮ್ಮಮ್ಮ ಯೇವ್ಲೆಯಲ್ಲಿ ಮಲಗಿದಾಳೆ. ರೈಲಲ್ಲಿ ಕೂತು ಒಂದು ಕಾಫಿ ಮುಗಿಸೋದ್ರೊಳಗೆ ಅವಳ ಸಮಾಧಿ ಹತ್ರ ಇರ್ತೀನಿ. ಸೀವ್, ನಿಮ್ಮಪ್ಪ ಸಾಯೋವಾಗ ನೀನು ಸೈಕಲಲ್ಲಿ ಹೋದೆ. ನಮ್ಮೋರೆಲ್ಲ ನಮ್ಮ ಕಾಲ ಬುಡದಲ್ಲೇ ಹುಟ್ಟಿ ಕಾಲ ಬುಡದಲ್ಲೇ ಸಾಯ್ತಾರೆ. ಅದಕ್ಕೆ ನಮ್ಮ ಕೈ ಇಷ್ಟು ಶುದ್ಧ. ಆಮೇಲೆ ಬಿಸಿಲು ಬೇಕಾದಾಗ ಆ ಗಂಟಿಂದ ಕ್ರೀಟಿಗೆ ಹಾರ್ತೀವಿ. ಇವನ ಪಾಲಿನ ದೂರ ಇವನು ಆರಿಸ್ಕೊಂಡಿದ್ದಾ? ಬಂದೂಕು ಹಿಡಿದೋರು ಇವನನ್ನ ಆ ತುದಿಯಿಂದ ಈ ತುದಿಗೆ ಎಸೆದ್ರು. ಆವತ್ತು ಯಾರಾದ್ರೂ ಕಿಲೋಮೀಟರ್ ಎಣಿಸಿದ್ರಾ? ಬಾ ಅಂದ್ರು, ಬಂದ. ವಾಪಸ್ ಹೋಗಿ ಒಂದು ಕೈ ಹಿಡಿಯೋಕೆ ಮಾತ್ರ ನೀವು ನೂಲು ತಂದ್ರಿ."

"ಹಿಲ್ಲೆವಿ, ನಾವು ಯಾರೂ ಬೇಡ ಅನ್ಲಿಲ್ಲ," ಎಂದಳು ಸೀವ್, ಅಳುತ್ತ.

"ಅನ್ಬೇಕಿತ್ತು ಸೀವ್. ಬೇಡ ಅಂದಿದ್ರೆ ಆವತ್ತೇ ಜಗಳ ಆಡಿ ಇವನನ್ನ ಕಳಿಸ್ತಿದ್ದೆ. ನೀವು ಬೇಡಾನೂ ಅನ್ಲಿಲ್ಲ, ಹೂಂನೂ ಅನ್ಲಿಲ್ಲ. ಅಳೀತಾ ಕೂತ್ರಿ."

ಅವಳು ಉಸಿರು ಎಳೆದುಕೊಂಡಳು.

"ಈಗ ನಡಾವಳಿಗೆ. ನಾವಿಬ್ರೂ ಹೋಗ್ತಿದೀವಿ, ಆ ಮಣ್ಣು ನೋಡೋಕೆ. ಮಡ್ರಿಡ್ ಮೇಲೆ, ಸಾಂತಿಯಾಗೊ ಮೇಲೆ, ವಕ್ರ ದಾರೀಲೇ. ಇಬ್ಬರದ್ದೂ ಸೇರಿ ಅರವತ್ತೆರಡು ಸಾವಿರ. ನಿಮ್ಮ ಗಂಟಲ್ಲಿ ಉಳಿದಿರೋದರ ಎರಡರಷ್ಟು. ಕಟ್ಟಳೆ ಮುರಿದೋಳು ಹಿಲ್ಲೆವಿ ಅಂತ ಬರಿ. ಯೇವ್ಲೆಯಲ್ಲಿ ಹುಟ್ಟಿದೋಳು, ಇಲ್ಲಿಯೋಳು. ಅವನ ಹೆಸರು ಬರೀಬೇಡ. ಅವನು ಬೇಡ ಅಂದ, ನಾನೇ ಎಳ್ಕೊಂಡು ಹೋದೆ ಅಂತ ಬರಿ."

ರಾಗ್ನಾರ್ ಪೆನ್ನು ಹಿಡಿದು ನಿಂತಿದ್ದ. ಬರೆಯಲೋ ಬೇಡವೋ ಎಂದು ಸುತ್ತ ನೋಡಿದ. ಯಾರೂ ಅವನಿಗೆ ನೆರವಾಗಲಿಲ್ಲ. ಕಡೆಗೆ ಬಗ್ಗಿ ನಿಧಾನವಾಗಿ ಬರೆದುಕೊಂಡ.

ಹಿಲ್ಲೆವಿ ಗಂಡನ ತೋಳು ಹಿಡಿದು ಹೊರಗೆ ನಡೆಸಿಕೊಂಡು ಬಂದಳು. ಬಾಗಿಲು ಮುಚ್ಚಿತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಕಕ್ಕಿದ ಮೇಲೆ ಮೈ ಹಗುರಾಗಿತ್ತು. ಅವನು ತನ್ನನ್ನು ತಬ್ಬಿಕೊಳ್ಳಬಹುದು ಎಂದುಕೊಂಡಳು. ಲೌತಾರೊ ಮೆಟ್ಟಿಲ ಬಳಿ ನಿಂತು ಕಂಬಿ ಹಿಡಿದುಕೊಂಡ. ಅಣ್ಣ ಸತ್ತ ಸುದ್ದಿ ಬಂದಾಗಲೂ ಅಳದವನ ಕಣ್ಣು ಈಗ ತುಂಬಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ.

"ಇದೇ ಮಾತನ್ನ ಹೋದ ತಿಂಗಳು, ನಿನ್ನ ಸರದಿ ಬಂದಾಗ ಹೇಳಿದ್ದಿದ್ರೆ ನಾನು ಹೋಗ್ತಿದ್ದೆ ಹಿಲ್ಲೆವಿ," ಎಂದ.

ಹಿಲ್ಲೆವಿ ಹಿಡಿದಿದ್ದ ಅವನ ತೋಳು ಬಿಟ್ಟಳು. ಒಳಗೆ ರಾಗ್ನಾರ್‌ನ ಸುತ್ತಿಗೆ ಮೇಜಿನ ಮೇಲೆ ಮೆಲ್ಲಗೆ ಬಿತ್ತು.